ಇ-ಕೋರ್ಟ್ಸ್ ಆ್ಯಪ್: ಕಂಪನಿ ಹೆಸರು ಹಾಕಿ ಹುಡುಕಬೇಡಿ

ಸೇಡಂ, ವಾಡಿಯ ಸಿಮೆಂಟ್ ಕಾರ್ಖಾನೆ ಇರಲಿ, ಕಡೇಚೂರು, ಹುಮನಾಬಾದಿನ ಕೆಮಿಕಲ್ ಕಾರ್ಖಾನೆ ಇರಲಿ, ಕೆಲಸದ ಜಾಗದಲ್ಲಿ ಸಾವಾದ ಮೇಲೆ ಮನೆಯವರು ತಿಂಗಳುಗಟ್ಟಲೆ ಕೇಳುವ ಪ್ರಶ್ನೆ ಒಂದೇ: ಕೇಸು ಎಲ್ಲಿಗೆ ಬಂತು? ಅದನ್ನು ಮೊಬೈಲಿನಲ್ಲೇ ನೋಡಲು 'ಇ-ಕೋರ್ಟ್ಸ್ ಸರ್ವಿಸಸ್' ಆ್ಯಪ್ ಇದೆ, ಉಚಿತ. 5ಕ್ಕೆ 4 ಅಂಕ ಕೊಡಬಹುದು. ಆದರೆ ಹುಡುಕುವ ದಾರಿ ತಪ್ಪಿದರೆ ಏನೂ ಸಿಗುವುದಿಲ್ಲ, ಕೇಸೇ ಆಗಿಲ್ಲವೆಂದು ಜನ ಕೈಬಿಡುತ್ತಾರೆ.

ಇಂಥ ಸಾವಿಗೆ ಎರಡು ಬೇರೆ ಬೇರೆ ಕೇಸು ಆಗಬಹುದು. ಪೊಲೀಸರದ್ದು ಎಫ್‌ಐಆರ್ ನಂಬರಿನಲ್ಲಿ ಸಿಗುತ್ತದೆ. ಅದರಲ್ಲಿ ಇರುವುದು ನಿರ್ಲಕ್ಷ್ಯದಿಂದ ಸಾವಿನ ಕಲಂ: ಅವಘಡ 2024ರ ಜುಲೈ 1ರಿಂದ ಈಚಿನದಾದರೆ ಭಾರತೀಯ ನ್ಯಾಯ ಸಂಹಿತೆ (ಬಿಎನ್‌ಎಸ್) 106(1), ಅದಕ್ಕೂ ಹಿಂದಿನದಾದರೆ ಐಪಿಸಿ 304ಎ. ಇನ್ನೊಂದು, ಕಾರ್ಖಾನೆ ಇನ್‌ಸ್ಪೆಕ್ಟರ್ ನೇರವಾಗಿ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹಾಕುವ ದೂರು. ಅದಕ್ಕೆ ಎಫ್‌ಐಆರೇ ಇರುವುದಿಲ್ಲ.

ಎಡವುವುದು ಇಲ್ಲೇ. 2025ರ ನವೆಂಬರ್ 21ಕ್ಕೆ ಮುಂಚಿನ ಅವಘಡಗಳಿಗೆ ಅನ್ವಯಿಸುವ ಹಳೆಯ, 1948ರ ಕಾರ್ಖಾನೆ ಕಾಯ್ದೆಯಲ್ಲಿ ಆರೋಪಿಗಳಾಗುವವರು ಆಕ್ಯುಪೈಯರ್ (ಕಾರ್ಖಾನೆಯ ಮೇಲೆ ಅಂತಿಮ ಹಿಡಿತ ಇರುವವರು) ಮತ್ತು ಮ್ಯಾನೇಜರ್. ಕಂಪನಿಯ ಆಕ್ಯುಪೈಯರ್ ಎಂದರೆ ಅದರ ಒಬ್ಬ ನಿರ್ದೇಶಕನೇ ಆಗಿರಬೇಕೆಂದು ಜೆ.ಕೆ. ಇಂಡಸ್ಟ್ರೀಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ. ಹಾಗಾಗಿ ಪಾರ್ಟಿ ನೇಮ್ ಜಾಗದಲ್ಲಿ ಈ ಇಬ್ಬರ ಹೆಸರು ಹಾಕಿ. ಹೆಸರು ಗೊತ್ತಿಲ್ಲದಿದ್ದರೆ ಕಾರ್ಖಾನೆ ಇಲಾಖೆಗೆ ಆರ್‌ಟಿಐ ಅರ್ಜಿ ಹಾಕಿ ಕೇಳಬಹುದು.

ಜಿಲ್ಲೆ ಆರಿಸಿ, ಆಮೇಲೆ ಕೋರ್ಟ್ ಕಾಂಪ್ಲೆಕ್ಸ್. ವಾಡಿಯ ಕೇಸಿಗೆ ಚಿತ್ತಾಪುರ ನೋಡಿ, ಸಿಗದಿದ್ದರೆ ಕಲಬುರಗಿಯನ್ನೂ ನೋಡಿ. ಹೆಸರುಗಳೆಲ್ಲ ಇಂಗ್ಲಿಷ್ ಅಕ್ಷರದಲ್ಲಿ ಏರಿರುತ್ತವೆ. 'ಶರಣಬಸಪ್ಪ' ಎಂಬುದನ್ನು ಒಬ್ಬ ಗುಮಾಸ್ತ ಒಂದು ರೀತಿ ಬರೆದರೆ ಇನ್ನೊಬ್ಬ ಮತ್ತೊಂದು ರೀತಿ ಬರೆಯುತ್ತಾನೆ. ಮೊದಲ ನಾಲ್ಕು ಅಕ್ಷರವಷ್ಟೇ ಹಾಕಿದರೆ ಎಲ್ಲವೂ ಬರುತ್ತವೆ. ಪೆಂಡಿಂಗ್ (ನಡೆಯುತ್ತಿರುವವು) ನೋಡಿದ ಮೇಲೆ ಡಿಸ್ಪೋಸ್ಡ್ (ಮುಗಿದವು) ಕೂಡ ನೋಡಿ. ಸಿಕ್ಕ ಕೂಡಲೇ ಆ ಕೇಸಿನ ಗುರುತಾದ 16 ಅಕ್ಷರದ ಸಿಎನ್‌ಆರ್ ನಂಬರನ್ನು ಹಾಳೆಯಲ್ಲೂ ಬರೆದಿಡಿ. ನೀವು ಉಳಿಸಿಟ್ಟ ಕೇಸುಗಳ 'ಮೈ ಕೇಸಸ್' ಪಟ್ಟಿ ಇರುವುದು ಆ ಫೋನಿನಲ್ಲಿ ಮಾತ್ರ.

ಮೊದಲು ಫೈಲಿಂಗ್ ದಿನಾಂಕ ಓದಿ. ಹಳೆಯ ಕಾರ್ಖಾನೆ ಕಾಯ್ದೆಯ ಕಲಂ 106ರಂತೆ, ಅಪರಾಧ ಇನ್‌ಸ್ಪೆಕ್ಟರ್ ಗಮನಕ್ಕೆ ಬಂದ 3 ತಿಂಗಳೊಳಗೆ ದೂರು ಬಿದ್ದಿರಬೇಕು. ತಡವಾಗಿದ್ದರೆ ಎದುರು ವಕೀಲರು ಹಿಡಿಯುವುದೇ ಅದನ್ನು. ಮುಗಿದ ಕೇಸಾದರೆ ವಿಲೇವಾರಿಯ ಬಗೆ ನೋಡಿ: 'ತಪ್ಪೊಪ್ಪಿಗೆ' ಎಂದಿದ್ದರೆ ಸಾಕ್ಷಿ ವಿಚಾರಣೆ ನಡೆದಿಲ್ಲ. ಅದೇ ಹಳೆಯ ಕಾಯ್ದೆಯ ಕಲಂ 92ರಲ್ಲಿ, ಸುರಕ್ಷತಾ ನಿಯಮ ಮುರಿದು ಸಾವಾದರೆ ಕನಿಷ್ಠ ದಂಡ ಬರೀ 25,000 ರೂಪಾಯಿ. ಒಂದು ಜೀವಕ್ಕೆ ಇಷ್ಟೇ ಎಂದು ಬರೆದ ಕಾಯ್ದೆ ಅಷ್ಟು ವರ್ಷ ನಡೆಯಿತಲ್ಲ ಎಂಬುದೇ ನೋವು. 2025ರ ನವೆಂಬರ್ 21ರಿಂದ ಹಳೆಯ ಕಾಯ್ದೆಯ ಬದಲಿಗೆ ಜಾರಿಗೆ ಬಂದ ಹೊಸ ಔದ್ಯೋಗಿಕ ಸುರಕ್ಷತಾ ಸಂಹಿತೆಯ ಕಲಂ 103ರಲ್ಲಿ ಕನಿಷ್ಠ 5 ಲಕ್ಷ ದಂಡ, ಇಲ್ಲವೇ 2 ವರ್ಷದವರೆಗೆ ಜೈಲು, ಅಥವಾ ಎರಡೂ. ಯಾವ ಕಾನೂನು ಎಂಬುದು ಅವಘಡದ ದಿನದ ಮೇಲೆ ನಿಂತಿದೆ, ತೀರ್ಪಿನ ದಿನದ ಮೇಲಲ್ಲ.

ಅಂಕ ಕಡಿತ ಏಕೆಂದರೆ, ಇನ್‌ಸ್ಪೆಕ್ಟರ್ ವರದಿ, ಸಾಕ್ಷಿ ಹೇಳಿಕೆ ಆ್ಯಪ್‌ನಲ್ಲಿ ಸಿಗುವುದಿಲ್ಲ. ಅದಕ್ಕೆ ಕೋರ್ಟಿನಲ್ಲೇ ನಕಲು ಅರ್ಜಿ ಹಾಕಬೇಕು.

ಹೊಸ ಸಂಹಿತೆಯಲ್ಲಿ ದಂಡದ ಅರ್ಧಕ್ಕೆ ಕಡಿಮೆಯಿಲ್ಲದ ಪಾಲನ್ನು ವಾರಸುದಾರರಿಗೆ ಕೊಡಿಸುವ ಅಧಿಕಾರ ಕೋರ್ಟಿಗಿದೆ, ಕಡ್ಡಾಯವಲ್ಲ. ಆದ್ದರಿಂದ ಆ್ಯಪ್‌ನಲ್ಲಿ 'ಜಡ್ಜ್‌ಮೆಂಟ್' ಹಂತ ಕಾಣುವ ಮೊದಲೇ ಆ ಕೋರಿಕೆಯ ಅರ್ಜಿ ಸರ್ಕಾರಿ ಅಭಿಯೋಜಕರ ಕೈ ಸೇರಿರಲಿ.