ಹಾಳೆ ತಟ್ಟೆಯ ವ್ಯಾಪಾರಕ್ಕೆ ಒಗ್ಗದ ಪ್ರಚಾರ: ಒಂದು ಮದುವೆ ಹಂಗಾಮು ಕೈತಪ್ಪಿದ ಬಗೆ

ಸಾಗರ ತಾಲೂಕಿನ ನಮ್ಮ ಊರಿನಲ್ಲಿ ಅಡಿಕೆ ಹಾಳೆಯಿಂದ ಊಟದ ತಟ್ಟೆ, ಉಪಾಹಾರದ ತಟ್ಟೆ ಮತ್ತು ದೊನ್ನೆಗಳನ್ನು ತಯಾರಿಸುವ ಸಣ್ಣ ಘಟಕವೊಂದನ್ನು ನಾನು 2022ರ ಕೊನೆಯಲ್ಲಿ ಆರಂಭಿಸಿದೆ. 2023ರ ನವೆಂಬರ್‌ನಿಂದ 2024ರ ಏಪ್ರಿಲ್‌ವರೆಗೆ, ಪ್ರಚಾರದ ಸಂಸ್ಥೆಯೊಂದರ ಜೊತೆ ಒಪ್ಪಂದ ಮಾಡಿಕೊಂಡು, ನನ್ನ ವ್ಯಾಪಾರದ ಸ್ವಭಾವಕ್ಕೆ ಹೊಂದದ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಪ್ರಚಾರದ ದಾರಿ ಹಿಡಿದು 1,54,200 ರೂಪಾಯಿ ಖರ್ಚು ಮಾಡಿದ್ದಲ್ಲದೆ, ನನ್ನ ಅತ್ಯಂತ ದೊಡ್ಡ ಗಿರಾಕಿಯನ್ನೂ ಕಳೆದುಕೊಂಡೆ. ಸಗಟು ಗಿರಾಕಿಗಳನ್ನು ನಂಬಿ ನಡೆಯುವ ಸಣ್ಣ ತಯಾರಕರು, ಅಂದರೆ ಹಪ್ಪಳ ಸಂಡಿಗೆ ಮಾಡಿ ಹೋಟೆಲುಗಳಿಗೆ ಕೊಡುವವರು, ಅಂಗಡಿಗಳಿಗೆ ಅಗರಬತ್ತಿ ಹಾಕುವವರು, ಗಾಣದ ಎಣ್ಣೆಯನ್ನು ಡಬ್ಬಿಗಟ್ಟಲೆ ಮಾರುವವರು, ಇಂಥದೇ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಇದನ್ನು ಓದಲಿ ಎಂದು ಲೆಕ್ಕಸಮೇತ ಬರೆಯುತ್ತಿದ್ದೇನೆ.

ಘಟಕ ಆರಂಭಿಸುವಾಗ ಕಾಲ ಅನುಕೂಲವಾಗಿಯೇ ಇತ್ತು. ಕರ್ನಾಟಕದಲ್ಲಿ 2016ರಲ್ಲಿಯೇ ಪ್ಲಾಸ್ಟಿಕ್ ತಟ್ಟೆ ಲೋಟಗಳಿಗೆ ನಿಷೇಧ ಬಂದಿತ್ತು. 2022ರ ಜುಲೈ 1ರಿಂದ ಇಡೀ ದೇಶದಲ್ಲಿ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳ ನಿಷೇಧ ಜಾರಿಗೆ ಬಂದಾಗ ಹಾಳೆ ತಟ್ಟೆಯನ್ನು ಕೇಳುವವರು ನಮ್ಮ ಕಡೆ ಕಣ್ಣಿಗೆ ಕಾಣುವಂತೆ ಹೆಚ್ಚಿದರು. ಬ್ಯಾಂಕಿನ ಸಾಲ ಪಡೆದು ಐದು ಅಚ್ಚಿನ ಯಂತ್ರ ಹಾಕಿಸಿದೆ. ಮೂವರು ಕೆಲಸ ಮಾಡಿದರೆ ದಿನಕ್ಕೆ ಸಾವಿರದ ಆಸುಪಾಸು ತಟ್ಟೆ ತೆಗೆಯಬಹುದಿತ್ತು. ಮೊದಲ ವರ್ಷ ನಾಲ್ವರು ಅಡುಗೆ ಕಂಟ್ರಾಕ್ಟರುಗಳು ಮತ್ತು ಪೇಟೆಯ ಎರಡು ಪೇಪರ್ ಪ್ಲೇಟ್ ಅಂಗಡಿಗಳು ಸೇರಿ ನನ್ನ ಉತ್ಪಾದನಾ ಸಾಮರ್ಥ್ಯದ ಅರ್ಧಕ್ಕಿಂತ ಸ್ವಲ್ಪ ಹೆಚ್ಚನ್ನು ತೆಗೆದುಕೊಳ್ಳುತ್ತಿದ್ದವು. ಉಳಿದ ಸಾಮರ್ಥ್ಯ ಸುಮ್ಮನೆ ಬಿದ್ದಿದೆಯಲ್ಲ ಎಂಬ ಚಿಂತೆಯೇ ನನ್ನನ್ನು ಪ್ರಚಾರದ ಸಂಸ್ಥೆಯ ಬಾಗಿಲಿಗೆ ಕರೆದೊಯ್ದಿತು.

ಆ ಸಂಸ್ಥೆಯವರು ಕೆಟ್ಟವರೆಂದು ನಾನು ಹೇಳಲಾರೆ. ಅವರು ತೋರಿಸಿದ ಹಳೆಯ ಕೆಲಸಗಳೆಲ್ಲ ಚೆನ್ನಾಗಿದ್ದವು: ಒಂದು ಸಿದ್ಧ ಉಡುಪಿನ ಅಂಗಡಿ, ಒಂದು ಬ್ಯೂಟಿ ಪಾರ್ಲರ್, ಒಂದು ಹೋಂಸ್ಟೇ. ಈ ಮೂರೂ ವ್ಯಾಪಾರಗಳಲ್ಲಿ ಕೊಳ್ಳುವವನು ಒಬ್ಬ ವ್ಯಕ್ತಿ ಅಥವಾ ಒಂದು ಕುಟುಂಬ, ಕಣ್ಣಿಂದ ನೋಡಿ ಮನಸ್ಸು ಮಾಡುವವನು ಎಂಬುದನ್ನು ನಾನು ಅಂದೇ ಗಮನಿಸಬೇಕಿತ್ತು. ಲಾಂಛನಕ್ಕೆ ಯಾವ ಬಣ್ಣ ಬೇಕು, ಪುಟಕ್ಕೆ ಯಾವ ಹೆಸರು ಇಡೋಣ ಎಂದು ಅವರು ಒಂದು ಗಂಟೆ ವಿಚಾರಿಸಿದರು. ನಿಮ್ಮ ತಟ್ಟೆಯನ್ನು ಈಗ ಕೊಳ್ಳುತ್ತಿರುವವರು ಯಾರು, ಒಂದು ಸಲಕ್ಕೆ ಎಷ್ಟು ಕೊಳ್ಳುತ್ತಾರೆ, ವರ್ಷದಲ್ಲಿ ಯಾವ ತಿಂಗಳು ದರ ಮಾತನಾಡುತ್ತಾರೆ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ತಿಂಗಳಿಗೆ 15,000 ರೂಪಾಯಿಯಂತೆ ಆರು ತಿಂಗಳಿಗೆ 90,000, ಅದರ ಮೇಲೆ ಶೇಕಡಾ 18ರ ಜಿಎಸ್‌ಟಿ 16,200, ಇದಲ್ಲದೆ ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂ ಜಾಹೀರಾತಿಗೆ ತಿಂಗಳಿಗೆ 8,000ದಂತೆ 48,000. ಮೂರು ತಿಂಗಳ ಶುಲ್ಕವನ್ನು ಮುಂಗಡವಾಗಿ ಕೊಟ್ಟು ಬಂದೆ.

ಹಾಳೆಯನ್ನು ನೀರಿನಲ್ಲಿ ನೆನೆಸಿ, ತೊಳೆದು, ಬಿಸಿ ಅಚ್ಚಿಗೆ ಕೊಟ್ಟು ತಟ್ಟೆಯನ್ನು ಹೊರತೆಗೆಯುವ ದೃಶ್ಯವನ್ನು ಅವರು ಬಹಳ ಅಂದವಾಗಿ ಚಿತ್ರೀಕರಿಸಿದರು. ಆ ಚಿಕ್ಕ ವಿಡಿಯೋವನ್ನು ಲಕ್ಷಕ್ಕೂ ಹೆಚ್ಚು ಜನ ನೋಡಿದರು. ಮೊದಲ ತಿಂಗಳ ವರದಿಯಲ್ಲಿ ಎಷ್ಟು ಜನರನ್ನು ತಲುಪಿತು, ಎಷ್ಟು ಜನ ಮೆಚ್ಚಿದರು ಎಂಬ ಅಂಕಿಗಳನ್ನು ನೋಡಿ ನನಗೂ ಸಂತೋಷವಾಯಿತು. ದಿನವಿಡೀ ಫೋನು ಬರತೊಡಗಿತು, ವಾಟ್ಸ್ಆ್ಯಪ್ ತುಂಬಿ ಹೋಯಿತು. ಆದರೆ ವಿಚಾರಿಸಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಬೇಕಾಗಿದ್ದುದು ತಟ್ಟೆಯಲ್ಲ, ಯಂತ್ರ. ಯಂತ್ರ ಎಲ್ಲಿ ಸಿಗುತ್ತದೆ, ಬೆಲೆ ಎಷ್ಟು, ತಿಂಗಳಿಗೆ ಎಷ್ಟು ಉಳಿಯುತ್ತದೆ, ಸಾಲಕ್ಕೆ ಸಹಾಯಧನ ಸಿಗುತ್ತದೆಯೇ ಎಂಬ ಪ್ರಶ್ನೆಗಳೇ ಬಂದವು. ಸಣ್ಣ ಉದ್ಯಮ ಹೂಡಬೇಕೆಂದು ದಾರಿ ಹುಡುಕುತ್ತಿರುವ ಯುವಕರಿಗೆ ಬೇಸರವಾಗದಂತೆ ಉತ್ತರಿಸಬೇಕೆಂದು ನಾನು ಪ್ರಾಮಾಣಿಕವಾಗಿ ಪ್ರಯತ್ನಿಸಿದೆ. ಅದರಲ್ಲಿಯೇ ನನ್ನ ಹಗಲು ಕಳೆಯುತ್ತಿತ್ತು.

ತಟ್ಟೆಯನ್ನೇ ಕೇಳಿದವರು ಬೆಂಗಳೂರು, ಹುಬ್ಬಳ್ಳಿ, ಮೈಸೂರಿನ ಮನೆಯವರು. ಮಗುವಿನ ಹುಟ್ಟುಹಬ್ಬಕ್ಕೆ 25, ಸತ್ಯನಾರಾಯಣ ಪೂಜೆಗೆ 50. ಈ ವ್ಯಾಪಾರ ಏಕೆ ಗಿಟ್ಟುವುದಿಲ್ಲ ಎಂಬುದು ಕೊರಿಯರ್ ಕಚೇರಿಯ ತಕ್ಕಡಿಯ ಮುಂದೆ ನಿಂತಾಗ ನನಗೆ ತಿಳಿಯಿತು. ಹನ್ನೆರಡು ಅಂಗುಲದ 25 ತಟ್ಟೆಗಳ ನಿಜವಾದ ತೂಕ ಮುಕ್ಕಾಲು ಕಿಲೋ. ಆದರೆ ಹಗುರವಾದ, ಜಾಗ ಹಿಡಿಯುವ ಸರಕಿಗೆ ಕೊರಿಯರ್‌ನವರು ಪೆಟ್ಟಿಗೆಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ, ಸಾಮಾನ್ಯವಾಗಿ 5,000ದಿಂದ ಭಾಗಿಸಿ, ಬಂದ ಸಂಖ್ಯೆಯನ್ನೇ ಕಿಲೋ ಎಂದು ಲೆಕ್ಕ ಹಿಡಿಯುತ್ತಾರೆ. ನನ್ನ ಪೆಟ್ಟಿಗೆ 32 ಉದ್ದ, 32 ಅಗಲ, 15 ಎತ್ತರ. ಗುಣಿಸಿದರೆ 15,360, ಭಾಗಿಸಿದರೆ ಮೂರು ಕಿಲೋ ದಾಟುತ್ತದೆ. ಹೀಗಾಗಿ ಮುಕ್ಕಾಲು ಕಿಲೋ ತಟ್ಟೆಗೆ ಮೂರೂವರೆ ಕಿಲೋದ ಸಾಗಣೆ ತೆರಬೇಕಾಯಿತು. 25 ತಟ್ಟೆಯ ಪೆಟ್ಟಿಗೆಗೆ ಸಾಗಣೆ ವೆಚ್ಚ ತಟ್ಟೆಗಳ ಬೆಲೆಯನ್ನೇ ಮೀರುತ್ತಿತ್ತು. ಅದೇ ತಟ್ಟೆಗಳನ್ನು ಗೋಣಿಚೀಲಗಳಲ್ಲಿ ಎರಡು ಮೂರು ಸಾವಿರ ಕಟ್ಟಿ ಬಸ್ಸಿಗೋ ಲಾರಿಗೋ ಹಾಕಿದರೆ ಒಂದೊಂದಕ್ಕೆ ಬೀಳುವ ಖರ್ಚು ಕೆಲವೇ ಪೈಸೆ. ಇಂಥ ಸರಕನ್ನು ಚಿಲ್ಲರೆಯಾಗಿ ದೂರದ ಮನೆಗಳಿಗೆ ಮಾರುವ ಪ್ರಚಾರ ಎಷ್ಟು ಯಶಸ್ವಿಯಾದರೂ ನಷ್ಟವೇ ಹೆಚ್ಚುತ್ತದೆ ಎಂಬುದನ್ನು ಸಹಿ ಹಾಕುವ ಮುನ್ನ ಒಂದು ಕಾಗದದ ಮೇಲೆ ಹತ್ತು ನಿಮಿಷ ಲೆಕ್ಕ ಹಾಕಿದ್ದರೆ ತಿಳಿದುಕೊಳ್ಳಬಹುದಿತ್ತು.

ಆರು ತಿಂಗಳಲ್ಲಿ ಜಾಹೀರಾತಿನಿಂದ ಬಂದ ಆರ್ಡರುಗಳು 71, ಅವುಗಳ ಮೌಲ್ಯ ಸುಮಾರು 32,000 ರೂಪಾಯಿ. ಎರಡನೆಯ ಬಾರಿ ತರಿಸಿಕೊಂಡವರು ಇಬ್ಬರು.

ಆದರೆ ಹಣ ಹೋದದ್ದಕ್ಕಿಂತ ಮುಖ್ಯವಾದ ಸಂಗತಿ ಬೇರೆಯದು. ಹಾಳೆ ತಟ್ಟೆಯ ವ್ಯಾಪಾರ ನಮ್ಮಲ್ಲಿ ಪಂಚಾಂಗವನ್ನು ಅನುಸರಿಸುತ್ತದೆ. ಪುಷ್ಯದಲ್ಲಿ ಮದುವೆಗಳಿಲ್ಲ, ಆಷಾಢದಲ್ಲಿ ಇಲ್ಲ. ಮಾಘದಿಂದ ವೈಶಾಖದವರೆಗೆ ಅಡುಗೆಯವರಿಗೆ ಉಸಿರಾಡಲು ಬಿಡುವಿರುವುದಿಲ್ಲ. 2024ರಲ್ಲಿ ಏಪ್ರಿಲ್ ಕೊನೆಯಿಂದ ಶುಕ್ರಾಸ್ತ, ಅಂದರೆ ಶುಕ್ರ ಗ್ರಹ ಕಣ್ಣಿಗೆ ಕಾಣದ, ಮದುವೆಗೆ ಆಗದೆನ್ನುವ ಕಾಲ ಬಂದದ್ದರಿಂದ ಮೇ ಮತ್ತು ಜೂನ್ ತಿಂಗಳುಗಳಲ್ಲಿ ಮುಹೂರ್ತಗಳು ಇಲ್ಲವೆನ್ನುವಷ್ಟು ವಿರಳವಾಗಿ, ವರ್ಷದ ಮೊದಲಾರ್ಧದ ಮದುವೆಗಳೆಲ್ಲ ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ದಿನಗಳಲ್ಲಿ ಒತ್ತಿಕೊಂಡಿದ್ದವು. ಆ ದಿನಗಳಲ್ಲಿಯೇ ನಾನು ಮತ್ತು ನನ್ನ ಇಬ್ಬರು ಕೆಲಸಗಾರರು 25ರ, 50ರ ಪೆಟ್ಟಿಗೆಗಳಿಗೆ ಅಂಟುಪಟ್ಟಿ ಹಚ್ಚುತ್ತ ಕುಳಿತಿದ್ದೆವು.

ನಾಲ್ವರು ಕಂಟ್ರಾಕ್ಟರುಗಳಲ್ಲಿ ಹಿರಿಯರಾದ ಒಬ್ಬರು ಹಿಂದಿನ ಹಂಗಾಮಿನಲ್ಲಿ ನನ್ನಿಂದ 22,000 ತಟ್ಟೆ ತೆಗೆದುಕೊಂಡಿದ್ದರು. ಊಟಕ್ಕೆ ಬಾಳೆಲೆಯನ್ನೇ ಹಾಕುವ ಅವರು ಬಫೆಗೆ ಮತ್ತು ಬೆಳಗಿನ ಉಪಾಹಾರಕ್ಕೆ ಹಾಳೆ ತಟ್ಟೆಯನ್ನು ಬಿಟ್ಟು ಬೇರೆಯದನ್ನು ಬಳಸುತ್ತಿರಲಿಲ್ಲ. ಫೆಬ್ರವರಿಯ ಎರಡನೆಯ ವಾರದಲ್ಲಿ 6,000 ತಟ್ಟೆ ಬೇಕೆಂದು ಅವರು ಎರಡು ಸಲ ಫೋನು ಮಾಡಿದ್ದರು. ಯಂತ್ರದ ಬೆಲೆ ವಿಚಾರಿಸುವವರ ಕರೆಗಳ ನಡುವೆ ಅವರ ಎರಡೂ ಕರೆಗಳು ತಪ್ಪಿಹೋದವು. ಮೂರನೆಯ ದಿನ ನಾನಾಗಿಯೇ ಫೋನು ಮಾಡಿದಾಗ, ತೀರ್ಥಹಳ್ಳಿ ಕಡೆಯ ಇನ್ನೊಬ್ಬರಿಗೆ ಹೇಳಿಯಾಗಿದೆ, ಹಂಗಾಮು ಮುಗಿಯುವವರೆಗೆ ಅವರದೇ ತಟ್ಟೆ ಎಂದು ಮಾತಾಗಿದೆ ಎಂದರು. ಅವರ ಧ್ವನಿಯಲ್ಲಿ ಕೋಪವಿರಲಿಲ್ಲ. ಸಾವಿರ ಜನರ ಊಟಕ್ಕೆ ಒಪ್ಪಿಕೊಂಡ ಅಡುಗೆಯವರಿಗೆ ತಟ್ಟೆ ಸಮಯಕ್ಕೆ ಬರುತ್ತದೆ ಎಂಬ ಭರವಸೆಯೇ ತಟ್ಟೆಗಿಂತ ದೊಡ್ಡದು. ಆ ಭರವಸೆಯನ್ನು ಮುರಿದದ್ದು ನಾನು.

ಏಪ್ರಿಲ್‌ನಲ್ಲಿ ಒಪ್ಪಂದ ಮುಗಿದಾಗ ಇನ್ನೊಂದು ತೊಂದರೆ ಎದುರಾಯಿತು. ಜಾಹೀರಾತುಗಳೆಲ್ಲ ಸಂಸ್ಥೆಯ ಖಾತೆಯಿಂದಲೇ ನಡೆದಿದ್ದವು. ಪುಟದ ಪೂರ್ಣ ಅಧಿಕಾರವೂ ಅವರ ಕೈಯಲ್ಲಿತ್ತು. ನವೀಕರಿಸದಿದ್ದರೆ ಪುಟವನ್ನು ಬಿಟ್ಟುಕೊಡಲು ಪ್ರತ್ಯೇಕ ಶುಲ್ಕ ಎಂದರು. ಯಾವ ಊರಿನವರು ನೋಡಿದರು, ಯಾವ ಚಿತ್ರಕ್ಕೆ ಕರೆ ಬಂತು ಎಂಬ ಮಾಹಿತಿಯಲ್ಲಿ ಒಂದಕ್ಷರವೂ ನನಗೆ ದಕ್ಕಲಿಲ್ಲ. ಆದ್ದರಿಂದ ಪುಟವನ್ನೂ ಜಾಹೀರಾತಿನ ಖಾತೆಯನ್ನೂ ನಿಮ್ಮ ಹೆಸರಿನಲ್ಲಿ, ನಿಮ್ಮ ಫೋನ್ ಸಂಖ್ಯೆಯಲ್ಲಿ ತೆರೆದು, ಸಂಸ್ಥೆಯವರಿಗೆ ಕೆಲಸ ಮಾಡುವಷ್ಟು ಅನುಮತಿಯನ್ನು ಮಾತ್ರ ಕೊಡಿ, ಮತ್ತು ಜಾಹೀರಾತಿನ ಹಣ ನಿಮ್ಮ ಬ್ಯಾಂಕ್ ಖಾತೆಯಿಂದಲೇ ನೇರವಾಗಿ ಹೋಗಲಿ. ಯಾವ ವೇದಿಕೆಗೆ ಎಷ್ಟು ಹಣ ಹೋಯಿತು ಎಂಬ ಬಿಲ್ಲು ಆಗ ನಿಮಗೇ ಬರುತ್ತದೆ. ಆರು ತಿಂಗಳ ಒಪ್ಪಂದಕ್ಕೆ ಮೊದಲು ಎರಡು ಮೂರು ಸಾವಿರ ರೂಪಾಯಿಯಲ್ಲಿ ಹದಿನೈದು ದಿನ ಪರೀಕ್ಷಿಸಿ ನೋಡಲು ಒಪ್ಪದವರಿಗೆ ಮುಂಗಡ ಕೊಡಬೇಡಿ.

ಇದನ್ನೆಲ್ಲ ಓದಿ ಇನ್‌ಸ್ಟಾಗ್ರಾಂ ಜಾಹೀರಾತೇ ವ್ಯರ್ಥ ಎಂದು ಯಾರೂ ತಿಳಿಯಬಾರದು. ಸಾಗರದಲ್ಲಿಯೇ ಮನೆಯಲ್ಲಿ ಕೇಕ್ ಮಾಡುವ ನನ್ನ ಪರಿಚಿತರೊಬ್ಬರು ತಿಂಗಳಿಗೆ ಸಾವಿರ ರೂಪಾಯಿಯನ್ನೂ ವೆಚ್ಚ ಮಾಡದೆ ಅದರಿಂದಲೇ ಒಳ್ಳೆಯ ವ್ಯಾಪಾರ ಮಾಡುತ್ತಿದ್ದಾರೆ. ಕೇಕನ್ನು ಜನ ಚಿತ್ರ ನೋಡಿಯೇ ಆರಿಸುತ್ತಾರೆ, ಒಂದೇ ಕೊಳ್ಳುತ್ತಾರೆ, ಐದು ಕಿಲೋಮೀಟರಿನೊಳಗೆ ತಲುಪಿಸಿದರೆ ಸಾಕು, ಮತ್ತು ಪ್ರತಿ ಮನೆಯಲ್ಲಿಯೂ ವರ್ಷಕ್ಕೆ ಮೂರು ನಾಲ್ಕು ಸಲ ಹುಟ್ಟುಹಬ್ಬ ಬರುತ್ತದೆ. ನಮ್ಮ ಊರಿನ ಪಂಪ್‌ಸೆಟ್ ಮೋಟಾರು ರಿಪೇರಿಯವರಿಗೆ ಆ ಬಗೆಯ ಪ್ರಚಾರದಿಂದ ಉಪಯೋಗವಿಲ್ಲ. ಮೋಟಾರು ಸುಟ್ಟ ದಿನ ರೈತ ಹುಡುಕುವುದು ಹತ್ತಿರದ ಅಂಗಡಿಯನ್ನು, ಆದ್ದರಿಂದ ಗೂಗಲ್ ನಕ್ಷೆಯಲ್ಲಿ ಅಂಗಡಿಯ ಹೆಸರು, ಸಮಯ, ಫೋನ್ ಸಂಖ್ಯೆ ಸರಿಯಾಗಿರುವುದು ಅವರಿಗೆ ಬೇಕಾದದ್ದು, ಅದಕ್ಕೆ ಹಣವನ್ನೂ ಕೊಡಬೇಕಾಗಿಲ್ಲ. ನನ್ನ ತಟ್ಟೆಯನ್ನು ಕೊಳ್ಳುವವರು ಲಕ್ಷ ಜನರಲ್ಲ. ಎಂಬತ್ತು ಕಿಲೋಮೀಟರಿನೊಳಗಿರುವ ಅಡುಗೆ ಕಂಟ್ರಾಕ್ಟರುಗಳು, ಕಲ್ಯಾಣ ಮಂಟಪಗಳು, ಪ್ರಸಾದಕ್ಕೆ ದೊನ್ನೆ ಬಳಸುವ ದೇವಸ್ಥಾನಗಳು, ಪೇಪರ್ ಪ್ಲೇಟ್ ಅಂಗಡಿಗಳು ಎಲ್ಲವನ್ನೂ ಪುಸ್ತಕದಲ್ಲಿ ಬರೆದು ಎಣಿಸಿದಾಗ ಸಿಕ್ಕಿದ್ದು 63 ಹೆಸರುಗಳು. ಅರವತ್ತಮೂರು ಜನರನ್ನು ತಲುಪಲು ಲಕ್ಷ ಜನರಿಗೆ ಕೂಗಿ ಹೇಳುವ ಅಗತ್ಯವಿರಲಿಲ್ಲ.

ಅದೇ ಸಂಸ್ಥೆಯವರು ಕೊನೆಯಲ್ಲಿ ಅಮೆರಿಕಕ್ಕೆ ರಫ್ತು ಮಾಡಲು ಇಂಗ್ಲಿಷಿನ ಜಾಲತಾಣ ಮಾಡಿಕೊಡುತ್ತೇವೆ ಎಂದೂ ಹೇಳಿದ್ದರು. ಕೈಯಲ್ಲಿ ಹಣವಿರಲಿಲ್ಲವಾದ್ದರಿಂದ ನಾನು ಒಪ್ಪಲಿಲ್ಲ. 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು, ಅಡಿಕೆ ಹಾಳೆಯಲ್ಲಿರುವ ಆಲ್ಕಲಾಯ್ಡುಗಳೆಂಬ ರಾಸಾಯನಿಕಗಳು ಆಹಾರಕ್ಕೆ ಸೇರಬಹುದೆಂಬ ಕಾರಣ ನೀಡಿ ಈ ತಟ್ಟೆಗಳ ಆಮದಿನ ವಿರುದ್ಧ ಎಚ್ಚರಿಕೆ ಹೊರಡಿಸಿದಾಗ, ಆ ಒಂದೇ ಮಾರುಕಟ್ಟೆಯನ್ನು ನೆಚ್ಚಿಕೊಂಡಿದ್ದ ಕರಾವಳಿ ಮತ್ತು ಮಲೆನಾಡಿನ ತಯಾರಕರು ಅನುಭವಿಸಿದ ಕಷ್ಟ ನೆನೆದರೆ ಈಗಲೂ ಸಂಕಟವಾಗುತ್ತದೆ.

2024ರ ಆಷಾಢದಲ್ಲಿ ನಾನು ಆ 63 ಹೆಸರುಗಳನ್ನು ಹಿಡಿದು ಹೊರಟೆ. ಆ ತಿಂಗಳು ಅಡುಗೆಯವರು ಮನೆಯಲ್ಲಿಯೇ ಇರುತ್ತಾರೆ, ಕುಳಿತು ಮಾತನಾಡುತ್ತಾರೆ. ಪ್ರತಿಯೊಬ್ಬರಿಗೂ ಮೂರು ಅಳತೆಯ ತಟ್ಟೆ ಮತ್ತು ದೊನ್ನೆಗಳನ್ನು ಐದೈದರಂತೆ ಕೊಟ್ಟು, ಬಿಸಿ ಸಾರು ಹಾಕಿ ಅರ್ಧ ಗಂಟೆ ಇಟ್ಟು ನೋಡಿ ಎಂದೆ. ಸಾವಿರಕ್ಕೆ ಒಂದು ದರ, ಐದು ಸಾವಿರಕ್ಕೆ ಒಂದು ದರ, ಹಣಕ್ಕೆ ಹದಿನೈದು ದಿನದ ಅವಕಾಶ ಎಂದು ಒಂದೇ ಕಾಗದದಲ್ಲಿ ಬರೆದು ಕೊಟ್ಟೆ. ಮಳೆಗಾಲದಲ್ಲಿ ತಟ್ಟೆಗೆ ಬೂಷ್ಟು ಹಿಡಿಯುತ್ತದೆ ಎಂಬ ದೂರು ಹಲವರಿಂದ ಬಂತು. ಅದಕ್ಕಾಗಿ ಒಣಗಿಸುವ ಕ್ರಮವನ್ನು ಬದಲಿಸಿ, ಬೂಷ್ಟು ಬಂದದ್ದನ್ನು ಹಿಂದಕ್ಕೆ ಪಡೆಯುವುದಾಗಿ ಒಪ್ಪಿಕೊಂಡೆ. ಲಕ್ಷ ಜನ ನೋಡಿದ ವಿಡಿಯೋದ ಕೆಳಗೆ ಈ ಮಾತನ್ನು ನನಗೆ ಒಬ್ಬರೂ ಹೇಳಿರಲಿಲ್ಲ. ಪೆಟ್ರೋಲು, ಮಾದರಿ ತಟ್ಟೆಗಳು, ಊಟ ಎಲ್ಲ ಸೇರಿ ಆದ ಖರ್ಚು 14,000 ರೂಪಾಯಿ. ಹನ್ನೊಂದು ಜನ ನಿಯಮಿತವಾಗಿ ತರಿಸಿಕೊಳ್ಳುತ್ತಿದ್ದಾರೆ. ಅವರ ಸಂಖ್ಯೆಗಳಿಗಾಗಿಯೇ ಬೇರೊಂದು ಫೋನು ಇಟ್ಟಿದ್ದೇನೆ.

ನಾನು ಕಳೆದುಕೊಂಡ ಆ ಹಿರಿಯರ ಮನೆಗೂ ಆ ಆಷಾಢದಲ್ಲಿ ಹೋಗಿದ್ದೆ. ಕಾಫಿ ಕೊಟ್ಟು, ಮಾದರಿಗಳನ್ನು ಇಟ್ಟುಕೊಂಡು, ನೋಡೋಣ ಎಂದು ಕಳುಹಿಸಿದರು. ಕಾರ್ತಿಕದಲ್ಲಿ ಒಂದು ಗೃಹಪ್ರವೇಶಕ್ಕೆ ಐನೂರು ತಟ್ಟೆ ತರಿಸಿಕೊಂಡರು. ಮದುವೆಯ ಹಂಗಾಮಿಗೆ ಈಗಲೂ ತೀರ್ಥಹಳ್ಳಿ ಕಡೆಯವರದೇ ತಟ್ಟೆ ಬಳಸುತ್ತಾರೆ.