ಲಾಕ್‌ಟೈಟ್ 243: ನೀಲಿ ದ್ರವ ಎಲ್ಲಿ ಕೈ ಹಿಡಿಯುತ್ತದೆ, ಎಲ್ಲಿ ಕೈ ಕೊಡುತ್ತದೆ

ಸಸ್ಪೆನ್ಷನ್ ಗಟ್ಟಿ ಮಾಡಿಸಿ, ಸೈಲೆನ್ಸರ್ ಬದಲಿಸಿ, ಎಂಜಿನ್ ಮೌಂಟಿಗೆ ಪಾಲಿಯುರೆಥೇನ್ ಹಾಕಿಸಿದ ಕಾರು ಸ್ವಲ್ಪ ದಿನಕ್ಕೇ ಎಲ್ಲಿಂದಲೋ ಗಡಗಡ ಅನ್ನಲು ಶುರು ಮಾಡುತ್ತದೆ. ಮೊದಲು ರಬ್ಬರ್ ನುಂಗಿಕೊಳ್ಳುತ್ತಿದ್ದ ಅದುರು ಈಗ ನೇರ ಬೋಲ್ಟಿನ ಮೇಲೆ ಬೀಳುತ್ತದೆ. ಇಂಟೇಕ್ ಪೈಪಿನ ಬ್ರಾಕೆಟ್, ಗೇರ್ ಲಿಂಕೇಜಿನ ಸ್ಕ್ರೂ, ಸ್ಟ್ರಟ್ ಬಾರ್, ಅಡಿಯ ಗಾರ್ಡ್, ಹೀಗೆ ಒಂದೊಂದೇ ಸಡಿಲವಾಗುತ್ತವೆ. ಇಂಥ ಕಡೆಗೆಲ್ಲ ಗ್ಯಾರೇಜುಗಳು ನಂಬುವುದು ಲಾಕ್‌ಟೈಟ್ 243 ಅನ್ನು, ಅಂದರೆ ಬೋಲ್ಟಿನ ಥ್ರೆಡ್‌ಗೆ (ಸುರುಳಿ ಗೆರೆಗೆ) ಹಾಕಿದರೆ ಗಟ್ಟಿಯಾಗಿ ಅದನ್ನು ಸಡಿಲವಾಗದಂತೆ ಹಿಡಿಯುವ ನೀಲಿ ದ್ರವವನ್ನು. ನಂಬಿಕೆ ಬಹುಮಟ್ಟಿಗೆ ಸರಿಯೇ. ಬಳಸುವ ರೀತಿಯಲ್ಲಿ ಮಾತ್ರ ಅರ್ಧಕ್ಕರ್ಧ ಜನ ಎಡವುತ್ತಾರೆ.

ಬೋಲ್ಟ್ ಬಿಚ್ಚಿಕೊಳ್ಳುವುದು ಅದು ಮೇಲೆ ಕೆಳಗೆ ಅದುರುವುದರಿಂದಲ್ಲ. ಜೋಡಿಸಿದ ಎರಡು ಭಾಗಗಳು ಅಡ್ಡಡ್ಡ ಜಾರಿದಾಗ ಥ್ರೆಡ್‌ಗಳ ನಡುವಿನ ಘರ್ಷಣೆ ಕ್ಷಣಕಾಲ ಇಲ್ಲವಾಗುತ್ತದೆ. ಆಗ ಬೋಲ್ಟ್ ತನ್ನಷ್ಟಕ್ಕೇ ಕೂದಲೆಳೆಯಷ್ಟು ಹಿಂದಕ್ಕೆ ತಿರುಗುತ್ತದೆ. ಇದನ್ನು ಜರ್ಮನಿಯ ಗೆರ್ಹಾರ್ಡ್ ಯುಂಕರ್ 1969ರಲ್ಲಿ ಯಂತ್ರ ಕಟ್ಟಿ ತೋರಿಸಿದರು. ಅದೇ ಪರೀಕ್ಷೆಯಲ್ಲಿ ನಮ್ಮ ಅಚ್ಚುಮೆಚ್ಚಿನ ಸ್ಪ್ರಿಂಗ್ ವಾಷರ್ ಸೋಲುತ್ತದೆ. ಬೋಲ್ಟ್ ಸರಿಯಾಗಿ ಬಿಗಿಯುವ ಮೊದಲೇ ಅದು ಚಪ್ಪಟೆಯಾಗಿರುತ್ತದೆ. ಆಮೇಲೆ ಅದು ಬರೀ ಒಂದು ತೆಳು ವಾಷರ್, ಅಷ್ಟೆ. ಇವತ್ತಿಗೂ "ಎರಡು ಸ್ಪ್ರಿಂಗ್ ವಾಷರ್ ಹಾಕಿಬಿಡಿ" ಅನ್ನುವ ಮೆಕ್ಯಾನಿಕ್‌ಗಳಿದ್ದಾರೆ. ಒಂದು ಮಾಡದ್ದನ್ನು ಎರಡು ಹೇಗೆ ಮಾಡೀತು?

243 ಮಾಡುವ ಕೆಲಸ ಬೇರೆ. ಥ್ರೆಡ್‌ಗಳ ನಡುವಿನ ಸಂದು ತುಂಬಿ, ಗಾಳಿ ಸಿಗದೆ, ಲೋಹದ ಸಂಪರ್ಕವೂ ಆದಾಗ ಮಾತ್ರ ಅದು ಗಟ್ಟಿಯಾಗುತ್ತದೆ. ಬಾಟಲಿಯನ್ನು ಪೂರ್ತಿ ತುಂಬದೆ ಮಾರುವುದು ಅದಕ್ಕೇ. ಒಳಗಿನ ಗಾಳಿಯೇ ದ್ರವವನ್ನು ದ್ರವವಾಗಿ ಉಳಿಸುತ್ತದೆ. ಕಂಪನಿ ಕಡಿಮೆ ತುಂಬಿ ಮೋಸ ಮಾಡಿತು ಎಂದು ಬೈಯಬೇಡಿ. ಅಮೆರಿಕದ ರಸಾಯನಶಾಸ್ತ್ರ ಪ್ರಾಧ್ಯಾಪಕ ವರ್ನನ್ ಕ್ರೀಬಲ್ 1950ರ ದಶಕದಲ್ಲಿ ಮಾರುಕಟ್ಟೆಗೆ ತಂದ ಲಾಕ್‌ಟೈಟ್ ಬ್ರ್ಯಾಂಡ್ 1997ರಿಂದ ಜರ್ಮನಿಯ ಹೆಂಕೆಲ್ ಕೈಯಲ್ಲಿದೆ.

ಬಳಸುವ ಕ್ರಮ ಹೀಗಿರಲಿ. ಬೋಲ್ಟ್ ಬಿಚ್ಚಿ, ಥ್ರೆಡ್‌ನಲ್ಲಿ ಅಂಟಿಕೊಂಡ ಹಳೆಯ ಪುಡಿಯನ್ನು ವೈರ್ ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ಬೋಲ್ಟಿನಷ್ಟೇ ರಂಧ್ರವನ್ನೂ ಬ್ರೇಕ್ ಕ್ಲೀನರ್ ಹೊಡೆದು ತೊಳೆದು ಒಣಗಿಸಿ. ತೆಳು ಎಣ್ಣೆಯ ಪಸೆಯನ್ನು 243 ತಡೆದುಕೊಳ್ಳುತ್ತದೆ, ಹಳೆಯ 242ಕ್ಕಿಂತ ಇದು ಮೇಲು ಅನ್ನುವುದಕ್ಕೆ ಮುಖ್ಯ ಕಾರಣವೇ ಅದು. ಹಾಗಂತ ಗ್ರೀಸ್ ಮೆತ್ತಿದ ಬೋಲ್ಟಿಗೆ ಹಾಕಿ ಪವಾಡ ನಿರೀಕ್ಷಿಸಬೇಡಿ. M8 ಬೋಲ್ಟಿಗೆ (ಅಂದರೆ 8 ಮಿಲಿಮೀಟರ್ ದಪ್ಪದ್ದಕ್ಕೆ) ಒಂದೆರಡು ಹನಿ ಸಾಕು. ನಟ್ ಕೊನೆಗೆ ಎಲ್ಲಿ ಕೂರುತ್ತದೋ ಆ ಜಾಗದ ಥ್ರೆಡ್‌ಗೇ ಹಾಕಿ, ತುದಿಗಲ್ಲ. ಎಂಜಿನ್ ಬ್ಲಾಕಿನಂತೆ ತಳ ಮುಚ್ಚಿದ ರಂಧ್ರವಾದರೆ ಲೆಕ್ಕ ತಿರುಗುಮುರುಗು. ಬೋಲ್ಟಿಗೆ ಹಚ್ಚಿದ ದ್ರವವನ್ನು ಒಳಗೆ ಸಿಕ್ಕಿಕೊಂಡ ಗಾಳಿ ಹೊರಗೆ ನೂಕುತ್ತದೆ. ಬೋಲ್ಟ್ ಒಳಗಿಳಿದಂತೆ ತಲೆಯ ಸುತ್ತ ನೀಲಿ ಉಂಗುರ ಉಕ್ಕುತ್ತದೆ, ಒಳಗಿನ ಥ್ರೆಡ್ ಒಣಗೇ ಉಳಿಯುತ್ತದೆ. ಇಂಥಲ್ಲಿ ಹನಿಯನ್ನು ರಂಧ್ರದ ತಳಕ್ಕೇ ಬಿಡಬೇಕು. ಆಗ ಬೋಲ್ಟ್ ಅದನ್ನು ಮೇಲಕ್ಕೆ ತಳ್ಳಿಕೊಂಡು ಬರುತ್ತದೆ.

ನಂತರ ಟಾರ್ಕ್ ರೆಂಚ್, ಅಂದರೆ ಬಿಗಿಯನ್ನು ಅಳೆದು ತಿರುಗಿಸುವ ಸ್ಪ್ಯಾನರ್. ಈ ದ್ರವ ಬಿಗಿಯನ್ನು ಕಾಯುತ್ತದೆಯೇ ಹೊರತು ಬಿಗಿಯನ್ನು ಕೊಡುವುದಿಲ್ಲ. ಹತ್ತು ಹದಿನೈದು ನಿಮಿಷಕ್ಕೆ ಕಚ್ಚಿಕೊಳ್ಳುತ್ತದೆ, ಪೂರ್ತಿ ಬಲ ಬರಲು 24 ಗಂಟೆ ಬೇಕು. ಅಲ್ಯೂಮಿನಿಯಂ, ಜಿಂಕ್ ಲೇಪದ ಮೇಲೆ ಇನ್ನೂ ನಿಧಾನ. ಸಂಜೆ ಹಾಕಿ ಬೆಳಿಗ್ಗೆ ಟ್ರ್ಯಾಕಿಗೆ ಹೊರಡುವವರು ಇದನ್ನು ನೆನಪಿಡಬೇಕು. ಗಟ್ಟಿಯಾದ ಮೇಲೆ "ಇನ್ನೊಂಚೂರು ಟೈಟ್ ಮಾಡೋಣ" ಎಂದು ಸ್ಪ್ಯಾನರ್ ಹಾಕಿದಿರೋ, ಕೂತ ಪದರ ಒಡೆಯಿತು. ಮತ್ತೆ ಬಿಚ್ಚಿ, ಉಜ್ಜಿ, ಹೊಸದಾಗಿ ಹಾಕಬೇಕು. ಅದರ ಬದಲು ಬೋಲ್ಟಿನ ತಲೆಯಿಂದ ಪಕ್ಕದ ಲೋಹದವರೆಗೆ ಪೇಂಟ್ ಪೆನ್ನಿನಲ್ಲಿ ಒಂದು ಗೆರೆ ಎಳೆದಿಡಿ. ಗೆರೆ ಮುರಿದಿದ್ದರೆ ಬೋಲ್ಟ್ ತಿರುಗಿದೆ. ಟಾರ್ಚ್ ಹಿಡಿದು ಬಗ್ಗಿ ನೋಡಿದರೆ ಸಾಕು.

ಕೈ ಕೊಡುವ ಜಾಗಗಳಲ್ಲಿ ಮೊದಲನೆಯದು ಬಿಸಿ. ಕಂಪನಿ ಹೇಳುವ ಮಿತಿ 180 ಡಿಗ್ರಿ ಸೆಲ್ಸಿಯಸ್. ಟರ್ಬೊ ಮತ್ತು ಅದರಿಂದ ಹೊಗೆ ಹೊರಗೊಯ್ಯುವ ಡೌನ್‌ಪೈಪ್ ಸೇರುವ ನಟ್‌ಗಳು ಇದನ್ನು ಎಷ್ಟೋ ಮೀರುತ್ತವೆ, ಅಲ್ಲಿ ಇದು ಸುಟ್ಟು ಪುಡಿಯಾಗುತ್ತದೆ. ಒಳಗೆ ನೈಲಾನ್ ಉಂಗುರವಿರುವ ನಟ್ ಕೂಡ ಅಲ್ಲಿಗೆ ಆಗದು. ಅದರ ಮಿತಿ ಸುಮಾರು 120 ಡಿಗ್ರಿ. ಪೂರ್ತಿ ಲೋಹದ ಲಾಕ್ ನಟ್ ಅಥವಾ ಸ್ವೀಡನ್ನಿನ ನಾರ್ಡ್-ಲಾಕ್‌ನಂಥ ಜೋಡಿ ವಾಷರ್‌ನ ಸ್ಟೇನ್‌ಲೆಸ್ ಮಾದರಿ ಹಾಕಿ. ಈ ಜೋಡಿಯ ಒಳಮುಖದ ಇಳಿಜಾರು ಥ್ರೆಡ್‌ನ ಇಳಿಜಾರಿಗಿಂತ ಕಡಿದು. ಹೀಗಾಗಿ ಬೋಲ್ಟ್ ಹಿಂದಕ್ಕೆ ತಿರುಗಲು ಹೊರಟರೆ ಇನ್ನಷ್ಟು ಬಿಗಿಯುತ್ತದೆ. ಹೊರಮುಖದ ಹಲ್ಲುಗಳು ಪೇಂಟನ್ನೂ ಮೆದು ಅಲ್ಯೂಮಿನಿಯಂ ಅನ್ನೂ ಕಚ್ಚಿ ಗಾಯ ಮಾಡುತ್ತವೆ, ಅದು ಗೊತ್ತಿರಲಿ.

ಎರಡನೆಯದು ಪ್ಲಾಸ್ಟಿಕ್. ಹೆಡ್‌ಲೈಟ್, ಡ್ಯಾಶ್‌ಬೋರ್ಡಿನಂಥ ಕಡೆ ಬಳಸಿದರೆ ಪಾಲಿಕಾರ್ಬನೇಟ್, ಎಬಿಎಸ್ ಎರಡೂ ಸ್ಕ್ರೂ ಸುತ್ತ ಬಿರುಕು ಬಿಡಬಹುದು. ಮೂರನೆಯದು ಸಣ್ಣ ಸ್ಕ್ರೂ. M6ಗಿಂತ ಕೆಳಗೆ 243 ಜಾಸ್ತಿಯೇ ಆಗುತ್ತದೆ. ಬಿಚ್ಚುವಾಗ ಸ್ಕ್ರೂ ತಲೆ ಕಿತ್ತುಬಂದರೆ ಡ್ರಿಲ್ ಮಾಡುವ ಕರ್ಮ. ಅಲ್ಲಿಗೆ ಕಡಿಮೆ ಬಲದ, ನೇರಳೆ ಬಣ್ಣದ 222 ಸರಿ. ಇನ್ನೂ ಬಲವಾದ ಕೆಂಪು 271 ಹಾಕಿದ್ದನ್ನು ಬಿಚ್ಚಬೇಕಾದರೆ ಸುಮಾರು 250 ಡಿಗ್ರಿಗೆ ಕಾಯಿಸಿ, ಬಿಸಿಯಿರುವಾಗಲೇ ತಿರುಗಿಸಬೇಕು. ಆಗಾಗ ಬಿಚ್ಚುವ ಭಾಗಕ್ಕೆ ಅದನ್ನು ಹಾಕುವುದು ದಂಡ.

ವ್ಹೀಲ್ ಬೋಲ್ಟಿಗೆ ಮಾತ್ರ ಇದರಲ್ಲಿ ಯಾವುದೂ ಬೇಡ. ಫೋಕ್ಸ್‌ವ್ಯಾಗನ್ ಪೋಲೊದ M14 ಬೋಲ್ಟಿಗೆ 120 ನ್ಯೂಟನ್ ಮೀಟರ್ ಒಣ ಬಿಗಿ, ಅಲಾಯ್ ಬದಲಿಸಿದ್ದರೆ 80–100 ಕಿಲೋಮೀಟರ್ ಓಡಿಸಿ ಮತ್ತೊಮ್ಮೆ ಪರೀಕ್ಷೆ. ದ್ರವ ಹಾಕಿದರೆ ಅದು ಎಣ್ಣೆಯಂತೆ ಜಾರಿಸಿ, ರೆಂಚ್ 120 ತೋರಿಸುವಾಗ ಬೋಲ್ಟ್ ಅದಕ್ಕೂ ಮೀರಿ ಎಳೆದುಕೊಂಡಿರಬಹುದು. ಕಾರ್ಖಾನೆಯಿಂದಲೇ ಬಣ್ಣದ ಲೇಪ ಬಂದ ಬ್ರೇಕ್ ಬೋಲ್ಟ್‌ಗಳನ್ನೂ ತೊಳೆದು 243 ಹಾಕಿ ಮರುಬಳಸುವ ಉಳಿತಾಯ ಬೇಡ, ಹೊಸದನ್ನೇ ತನ್ನಿ.

ಕೊಳ್ಳುವಾಗ ಬಾಟಲಿಯ ಬಣ್ಣ ನೋಡಬೇಡಿ. 243, 271 ಎರಡೂ ಕೆಂಪು ಬಾಟಲಿಯಲ್ಲೇ ಬರುತ್ತವೆ. ನೋಡಬೇಕಾದ್ದು ನಂಬರು ಮತ್ತು ಅವಧಿ ಮುಗಿಯುವ ತಾರೀಖು. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯಾಗಲಿ, ಆನ್‌ಲೈನ್ ಆಗಲಿ, ಬ್ಯಾಚ್ ನಂಬರು ಅಳಿಸಿಹೋದದ್ದನ್ನು ಮುಟ್ಟಬೇಡಿ. ಒಂದೇ ಕಾರಿನವರಿಗೆ 50 ಮಿಲಿ ದಂಡ, 10 ಮಿಲಿ ವರ್ಷಗಟ್ಟಲೆ ಬರುತ್ತದೆ. ಬಾಟಲಿಯ ಮೂತಿ ಲೋಹಕ್ಕೆ ತಾಗಿಸಬೇಡಿ, ಹೊರಗೆ ಬಿದ್ದು ಉಳಿದದ್ದನ್ನು ವಾಪಸ್ ಸುರಿಯಬೇಡಿ. ಲೋಹದ ಕಣ ಸೇರಿದರೆ ಬಾಟಲಿಯೊಳಗೇ ಗಟ್ಟಿಯಾದೀತು. ಕಾರಿನಡಿ ಮಲಗಿ ತಲೆಯ ಮೇಲಿನ ಬೋಲ್ಟಿಗೆ ಹಚ್ಚುವವರಿಗೆ ಇದೇ ಶಕ್ತಿಯ 248 ಕಡ್ಡಿ ರೂಪದಲ್ಲಿ ಸಿಗುತ್ತದೆ. ಬೆಲೆ ಹೆಚ್ಚು, ಆದರೆ ಕಣ್ಣಿಗೆ ಹನಿ ಬೀಳುವುದಿಲ್ಲ.