ಲೈನ್‌ಮನ್ ಒಬ್ಬರ ಸ್ಮರಣಸಭೆ: ಅಂತ್ಯಕ್ರಿಯಾ ಸಂಸ್ಥೆಯೊಂದರ ಸೇವೆ ಕುರಿತು

ಅಮೆರಿಕದ ಅಯೋವಾ ರಾಜ್ಯದ ಸೀಡರ್ ರ್ಯಾಪಿಡ್ಸ್‌ನಲ್ಲಿ ನಮ್ಮ ಪಕ್ಕದ ಮನೆಯ ನಿವೃತ್ತ ಲೈನ್‌ಮನ್ ತೀರಿಕೊಂಡಾಗ, ಅವರ ಸ್ಮರಣಸಭೆಯನ್ನು ಸ್ಥಳೀಯ ಸಂಸ್ಥೆಯೊಂದು ನಡೆಸಿಕೊಟ್ಟಿತು. ಮನೆಯವರ ಮಾತನ್ನು ತಾಳ್ಮೆಯಿಂದ ಕೇಳಿ, ಹೋದವರ ಸ್ವಭಾವಕ್ಕೆ ಒಪ್ಪುವಂತೆ ಎಲ್ಲವನ್ನೂ ಅಣಿಗೊಳಿಸಿದ್ದು ಆ ಸಂಸ್ಥೆಯವರ ದೊಡ್ಡ ಗುಣ.

ಬಾಗಿಲ ಬಳಿಯ ಮೇಜಿನ ಮೇಲೆ ಹೆಲ್ಮೆಟ್, ದಪ್ಪ ರಬ್ಬರ್ ಕೈಗವಸು, ಮರದ ಕಂಬ ಹತ್ತಲು ಕಾಲಿಗೆ ಬಿಗಿಯುವ ಉಕ್ಕಿನ ಕೊಕ್ಕೆಗಳನ್ನು ಇಟ್ಟಿದ್ದರು. ಸೊಂಟಪಟ್ಟಿಯ ಚರ್ಮ ಒಂದು ಕಡೆ ಸವೆದು ಸವೆದು ನುಣುಪಾಗಿತ್ತು. ಮೊಮ್ಮಗಳು ಅದರ ಮೇಲೆ ಬೆರಳಾಡಿಸುತ್ತಲೇ ನಿಂತಿದ್ದಳು. 2020ರ ಆಗಸ್ಟ್ 10ರಂದು ಡೆರೇಚೊ ಎಂಬ ಬಿರುಗಾಳಿ, ಗಂಟೆಗೆ ಸುಮಾರು 225 ಕಿ.ಮೀ. ಎಂದು ಅಂದಾಜಿಸಲಾದ ವೇಗದಲ್ಲಿ ಬೀಸಿ ಊರನ್ನು ಕತ್ತಲಿಗೆ ತಳ್ಳಿದಾಗ, ಅವರು ಮನೆಮನೆಗೆ ಹೋಗಿ, ಜನರೇಟರನ್ನು ಮನೆಯ ವೈರಿಂಗಿಗೆ ನೇರವಾಗಿ ಜೋಡಿಸಿದರೆ ವಿದ್ಯುತ್ತು ಹಿಮ್ಮುಖವಾಗಿ ಹರಿದು, ತಂತಿ ದುರಸ್ತಿಗೆ ಕಂಬವೇರಿದವನ ಪ್ರಾಣ ತೆಗೆಯಬಹುದೆಂದು ಎಚ್ಚರಿಸಿದ್ದರು. ಅದನ್ನು ಮಗ ಹೇಳುವಾಗ ನನ್ನ ಕಣ್ಣು ತುಂಬಿ ಬಂತು.

ಅವರು ನಗಿಸದೆ ಯಾರನ್ನೂ ಮನೆಗೆ ಕಳಿಸಿದವರಲ್ಲ. ಹಾಗಾಗಿ ಹುಲ್ಲುಹಾಸಿನ ಮೇಲೆ, ತೂತಿರುವ ಹಲಗೆಯತ್ತ ಪುಟ್ಟ ಚೀಲ ಎಸೆದು ಆಡುವ, ಅವರ ಮೆಚ್ಚಿನ ಕಾರ್ನ್‌ಹೋಲ್ ಆಟದ ಹಲಗೆಗಳನ್ನಿಡಲು ಸಂಸ್ಥೆ ಸಂತೋಷದಿಂದ ಒಪ್ಪಿತು. ಮಕ್ಕಳೂ ಹಳೆಯ ಸಹೋದ್ಯೋಗಿಗಳೂ ಸಂಜೆಯವರೆಗೆ ಚೀಲ ಎಸೆದರು. ಅಮೆರಿಕದಲ್ಲಿ 1984ರಿಂದ ಜಾರಿಯಲ್ಲಿರುವ ನಿಯಮದಂತೆ ಬಿಡಿಬಿಡಿ ದರಪಟ್ಟಿಯನ್ನು ಮೊದಲೇ ಕೊಟ್ಟಿದ್ದರಿಂದ ಖರ್ಚಿನ ಗೊಂದಲವಿರಲಿಲ್ಲ.

ಕೊರತೆ ಒಂದೇ: ಸಭಾಂಗಣದ ಹಿಂಭಾಗಕ್ಕೆ ಧ್ವನಿವರ್ಧಕ ಸರಿಯಾಗಿ ಕೇಳಿಸಲಿಲ್ಲ. ಜನ ಹೆಚ್ಚು ಸೇರುವ ಸಭೆಯಾದರೆ ಇದನ್ನು ಮೊದಲೇ ವಿಚಾರಿಸಿಕೊಳ್ಳಿ.